ತಳದಲ್ಲಿ ತೌಡು

ನಾನು ಒಂದು ಮಣ್ಣಿನ ಮಡಕೆ. ನನ್ನ ಮಣ್ಣು ಬಂದದ್ದು ಹೊಳೆಯಾಚೆಯ ಗದ್ದೆಯಿಂದ. ಅದೇ ಗದ್ದೆಯ ಮಣ್ಣು ದೋಣಿ ಹತ್ತಿ ಈಚೆ ದಡದ ಹಂಚಿನ ಕಾರ್ಖಾನೆಗೂ ಹೋಗುತ್ತಿತ್ತು. ಅಲ್ಲಿ ನನ್ನ ದಾಯಾದಿಗಳು ಅಚ್ಚಿನೊಳಗೆ ಒತ್ತಿಸಿಕೊಂಡು, ಬೆನ್ನಿಗೆ ಮುದ್ರೆ ಹಾಕಿಸಿಕೊಂಡು, ಹಂಚುಗಳಾಗಿ ಊರಿನ ಮಾಡುಗಳನ್ನು ಏರಿ ಕುಳಿತರು. ನನ್ನ ಪಾಲಿಗೆ ಸಿಕ್ಕಿದ್ದು ಕುಂಬಾರನ ತಿಗರಿ. ಇದಕ್ಕಾಗಿ ನಾನು ಹೊಟ್ಟೆಕಿಚ್ಚು ಪಟ್ಟವನಲ್ಲ. ಮೇಲೆ ಕುಳಿತವರಿಗೆ ಜನರ ನೆತ್ತಿ ಮಾತ್ರ ಕಾಣುತ್ತದೆ. ಕೆಳಗೆ ಕುಳಿತವನಿಗೆ ಮುಖ ಕಾಣುತ್ತದೆ.

ನಾನು ಆ ದಿನದ ಕೊನೆಯ ಮುದ್ದೆ. ಕುಂಬಾರನ ಕೈ ಸೋತಿತ್ತೋ, ಮನಸ್ಸು ಊಟದ ಕಡೆಗೆ ಹೋಗಿತ್ತೋ ತಿಳಿಯದು. ಅಂತೂ ನನ್ನ ಕುತ್ತಿಗೆ ಒಂದು ಕಡೆಗೆ ವಾಲಿತು. ಅವನ ಹೆಂಡತಿ ನನ್ನನ್ನು ತಿರುಗಿಸಿ ನೋಡಿ, ಇದನ್ನು ಸಾಲಿನ ಕಡೆಯಲ್ಲಿಡಿ, ಯಾರಾದರೂ ಕಣ್ಣು ಕಾಣದವರು ಬಂದರೆ ಕೊಡುವ ಅಂದಳು. ನನಗೆ ಬೇಸರವಾಯಿತು ನಿಜ. ಆದರೆ ಆ ವಾಲಿದ ಕುತ್ತಿಗೆಯೇ ನನ್ನ ಭಾಗ್ಯವೆಂದು ಆಮೇಲೆ ತಿಳಿಯಿತು. ನೆಟ್ಟಗಿನ ಮಡಕೆಗಳು ಜೀವಮಾನವಿಡೀ ಮಾಡಿನ ಮರದ ಪಕಾಸುಗಳನ್ನೇ ನೋಡುತ್ತ ಕೂರುತ್ತವೆ. ನನ್ನ ಬಾಯಿ ಓರೆಯಾದ್ದರಿಂದ ಒಲೆ ಕಾಣುತ್ತದೆ, ಬಾಗಿಲು ಕಾಣುತ್ತದೆ, ಬಾಗಿಲಿನಾಚೆ ಓಣಿಯ ತುಂಡೂ ಕಾಣುತ್ತದೆ. ಕಂಡದ್ದಕ್ಕೆಲ್ಲ ಯಾಕೆ ಎಂದು ಕೇಳುವ ಚಾಳಿ ನನಗೆ ಹತ್ತಿದ್ದು ಹೀಗೆ. ಕೇಳಲು ನಾಲಿಗೆ ಇಲ್ಲದ್ದರಿಂದ ಪ್ರಶ್ನೆಗಳೆಲ್ಲ ಹೊಟ್ಟೆಯಲ್ಲೇ ಉಳಿದುಕೊಂಡವು.

ನನ್ನನ್ನು ಕೊಂಡವಳ ಕಣ್ಣು ಚೆನ್ನಾಗಿಯೇ ಇತ್ತು. ಹೆಸರು ದೊರ್ಕ. ಆಗಿನ್ನೂ ಪ್ರಾಯದ ಹೆಂಗಸು. ಮದುವೆಯಾಗದೆ ಕ್ರಿಸ್ತ ಸಭೆಯ ಕೆಲಸಕ್ಕೆ ನಿಂತವಳು, ಓಣಿಯ ಮಕ್ಕಳಿಗೆಲ್ಲ ದೊರ್ಕಕ್ಕ. ಸಂತೆಯಲ್ಲಿ ಅವಳು ನನ್ನ ಹೊಟ್ಟೆಗೆ ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟಳು. ಕುತ್ತಿಗೆ ವಾಲಿದರೇನು, ದನಿ ಸರಿಯುಂಟು ಎಂದು ಎತ್ತಿಕೊಂಡಳು. ಚರ್ಚಿನ ಪಕ್ಕದ ಮಬ್ಬುಗತ್ತಲೆಯ ಕೋಣೆಯಲ್ಲಿ ನನ್ನ ಕಂಠದವರೆಗೆ ಕುಚ್ಚಲಕ್ಕಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಸೊಂಟದ ಮೇಲೆ ಇಟ್ಟುಕೊಂಡು ಹೊರಟಳು. ಅಕ್ಕಿ ಎಲ್ಲಿಂದ ಬಂತು, ಯಾರಿಗೆ ಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹೊಸ ಮಡಕೆಗೆ ಏನು ಗೊತ್ತಿರುತ್ತದೆ.

ಬಟ್ಟೆ ಬಿಚ್ಚಿದಾಗ ನಾನು ಕಾರ್ಖಾನೆ ಕೆಲಸದವರ ಓಣಿಯ ಒಂದು ಚಿಕ್ಕ ಮನೆಯಲ್ಲಿದ್ದೆ. ಎದುರಿಗೆ ಎಲೀಸಮ್ಮ ಎಂಬ ಹೆಂಗಸು ಕುಳಿತಿದ್ದಳು. ಮಣ್ಣಿನ ದೋಣಿ ನಡೆಸುತ್ತಿದ್ದ ಅವಳ ಗಂಡ ಜ್ವರದಲ್ಲಿ ತೀರಿಹೋಗಿ ಹೆಚ್ಚು ದಿನ ಆಗಿರಲಿಲ್ಲ. ಸೆರಗಿನ ಹಿಂದೆ ಸಿಮಿಯೋನ ಎಂಬ ಪುಟ್ಟ ಮಗ. ಇದನ್ನು ನಾನು ಯಾವಾಗ ತೀರಿಸಲಿ ಎಂದು ಎಲೀಸಮ್ಮ ಕೇಳಿದಳು. ತೀರಿಸಲಿಕ್ಕೆ ಇಲ್ಲ ಎಂದು ಹೇಳಿ ದೊರ್ಕಕ್ಕ ಎದ್ದು ಹೋದಳು. ಎಲೀಸಮ್ಮ ಸ್ವಲ್ಪ ಹೊತ್ತು ಅತ್ತಳು, ಆಮೇಲೆ ಒಲೆ ಹಚ್ಚಿದಳು.

ಒಂದು ದಿನ ನಾನು ಖಾಲಿಯಾದೆ. ಖಾಲಿ ಮಡಕೆಯನ್ನು ಮೂಲೆಗೆ ಹಾಕುತ್ತಾರೆ ಎಂದುಕೊಂಡಿದ್ದೆ. ಎಲೀಸಮ್ಮ ನನ್ನನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಸಿಂಬೆಯ ಮೇಲೆ ಒಲೆಯ ಪಕ್ಕದಲ್ಲಿ ಕೂರಿಸಿದಳು. ಅಷ್ಟರಲ್ಲಿ ಅವಳಿಗೆ ಕಾರ್ಖಾನೆಯಲ್ಲಿ ಹಂಚು ಹೊರುವ ಕೆಲಸ ಸಿಕ್ಕಿತ್ತು. ಮರುದಿನ ಬೆಳಿಗ್ಗೆ, ಅನ್ನದ ಪಾತ್ರೆಗೆ ಅಕ್ಕಿ ಹಾಕುವ ಮೊದಲು, ಅವಳು ಒಂದು ಹಿಡಿ ತೆಗೆದು ನನ್ನೊಳಗೆ ಹಾಕಿದಳು. ಮಧ್ಯಾಹ್ನ ಇನ್ನೊಂದು ಹಿಡಿ. ನನಗೆ ಆಶ್ಚರ್ಯ. ಮನೆಯಲ್ಲಿ ಅಕ್ಕಿ ಇದ್ದದ್ದೇ ಅಷ್ಟು, ಅದರಿಂದ ಯಾಕೆ ತೆಗೆಯುತ್ತಾಳೆ?

ಆದಿತ್ಯವಾರ ಬಂದಾಗ ಗೊತ್ತಾಯಿತು, ಹೀಗೆ ಮಾಡುವವಳು ಅವಳೊಬ್ಬಳೇ ಅಲ್ಲ. ಇದಕ್ಕೆ ಅವರಲ್ಲಿ ಹಿಡಿ ಅಕ್ಕಿ ಎಂದು ಹೆಸರು. ಮಣ್ಣಿನ ಮಡಕೆಗಳು, ತಗಡಿನ ಡಬ್ಬಿಗಳು, ಕಾರ್ಖಾನೆಯ ಮೇಸ್ತ್ರಿಯ ಮನೆಯ ಹಿತ್ತಾಳೆ ತಂಬಿಗೆ, ನಾವೆಲ್ಲ ಚರ್ಚಿನ ಪಕ್ಕದ ಅದೇ ಕೋಣೆಯಲ್ಲಿ ಸಾಲಾಗಿ ಕೂರುತ್ತಿದ್ದೆವು. ಪ್ರಾರ್ಥನೆ ಮುಗಿಯುವಷ್ಟರಲ್ಲಿ ದೊರ್ಕಕ್ಕ ಒಂದೊಂದಾಗಿ ನಮ್ಮನ್ನು ಎತ್ತಿ, ದೊಡ್ಡ ಬುಟ್ಟಿಗೆ ಮಗುಚಿ, ಒಳಗೆ ಇಣುಕಿಯೂ ನೋಡದೆ ಕೆಳಗಿಡುತ್ತಿದ್ದಳು. ನಾವು ಖಾಲಿಯಾಗಿ ಮನೆಗೆ ಹೋಗುತ್ತಿದ್ದೆವು, ಬುಟ್ಟಿ ಅಲ್ಲೇ ಉಳಿಯುತ್ತಿತ್ತು. ಆ ಅಕ್ಕಿ ಆಮೇಲೆ ಎಲ್ಲಿಗೆ ಹೋಗುತ್ತದೆ? ದೇವರು ಕುಚ್ಚಲಕ್ಕಿ ಉಣ್ಣುತ್ತಾನೆಯೇ? ಉಂಡರೆ ಅವನಿಗೆ ಅನ್ನ ಮಾಡಿ ಬಡಿಸುವವರು ಯಾರು? ಹಿತ್ತಾಳೆ ತಂಬಿಗೆ ಬಹಳ ತಿಳಿದವನಂತೆ ಹೊಳೆಯುತ್ತಿತ್ತು, ಆದರೆ ಅದಕ್ಕೂ ಉತ್ತರ ಗೊತ್ತಿರಲಿಲ್ಲ ಎಂದೇ ನನ್ನ ಗುಮಾನಿ.

ಎಲೀಸಮ್ಮನ ಕೈ ದೊಡ್ಡದು. ಅವಳು ಅಕ್ಕಿ ತೆಗೆಯುವಾಗ ಬೆರಳ ಸಂದಿಯಿಂದ ನಾಲ್ಕು ಕಾಳು ನೆಲಕ್ಕೂ ಬೀಳುತ್ತಿತ್ತು. ಕೋಳಿಗಳಿಗೆ ಅದು ಗೊತ್ತಿತ್ತು, ಸಮಯಕ್ಕೆ ಸರಿಯಾಗಿ ಬಾಗಿಲಲ್ಲಿ ಹಾಜರಿರುತ್ತಿದ್ದವು. ಅವಳು ಮಾತು ಕಡಿಮೆಯ ಹೆಂಗಸು. ಯಾಕೆ ಕೊಡುತ್ತೇನೆಂದು ಯಾರಿಗೂ ಹೇಳಿದ್ದಿಲ್ಲ, ಮಗನಿಗೂ ಇಲ್ಲ.

ಸಿಮಿಯೋನ ಬೆಳೆದು ಅದೇ ಕಾರ್ಖಾನೆಯಲ್ಲಿ ಹಂಚು ಸುಡುವ ಕೆಲಸಕ್ಕೆ ಸೇರಿದ. ಲೋವೀಸ ಎಂಬ ಹುಡುಗಿಯನ್ನು ಮದುವೆಯಾದ. ಅವಳಿಗೆ ತಂದೆತಾಯಿ ಇರಲಿಲ್ಲ, ಹೆಣ್ಣುಮಕ್ಕಳ ಅನಾಥಾಲಯದಲ್ಲಿ ಬೆಳೆದವಳು. ಎಲೀಸಮ್ಮ ನನ್ನನ್ನು ಅವಳ ಮುಂದಿಟ್ಟು ಹೇಳಿದ್ದು ಇಷ್ಟೇ. “ಮೊದಲು ಇದಕ್ಕೆ ಒಂದು ಹಿಡಿ, ಮತ್ತೆ ಅನ್ನದ ಪಾತ್ರೆಗೆ. ಇದರಲ್ಲಿ ಇರುವುದು ನಮ್ಮದಲ್ಲ.” ಲೋವೀಸ ತಲೆಯಾಡಿಸಿದಳು. ಕೆಲವು ವರ್ಷಗಳ ಮೇಲೆ ಎಲೀಸಮ್ಮ ತೀರಿಹೋದಳು. ಓಣಿಯವರೆಲ್ಲ ಅತ್ತರು. ಕೋಳಿಗಳೂ ಅತ್ತಿರಬೇಕು, ಯಾಕೆಂದರೆ ಲೋವೀಸಳ ಕೈಯಿಂದ ನೆಲಕ್ಕೆ ಒಂದು ಕಾಳೂ ಬೀಳುತ್ತಿರಲಿಲ್ಲ.

ಅವಳು ಜಿಪುಣೆ ಅಲ್ಲ. ಅವಳ ಹಿಡಿ ಒಂದೇ ಅಳತೆಯದು. ಮುಷ್ಟಿ ಕಟ್ಟಿ, ಹೆಚ್ಚಾದದ್ದನ್ನು ಒಮ್ಮೆ ಕೊಡವಿ, ಕಡಿಮೆಯಾಗಿಲ್ಲವಷ್ಟೆ ಎಂದು ನೋಡಿ, ಆಮೇಲೆ ಹಾಕುತ್ತಿದ್ದಳು. ಅನಾಥಾಲಯದಲ್ಲಿ ಪ್ರತಿ ಊಟಕ್ಕೂ ಕೈಮುಗಿಸಿ, ಇದು ನಿಮಗೆ ಪುಣ್ಯಾತ್ಮರು ಕೊಟ್ಟದ್ದು, ನೆನಪಿರಲಿ ಎನ್ನುತ್ತಿದ್ದರಂತೆ. ಅವಳು ಅದನ್ನು ಮರೆಯಲೇ ಇಲ್ಲ. ಉಂಡದ್ದೆಲ್ಲ ಅವಳಿಗೆ ಋಣವಾಗಿಯೇ ಕಂಡಿತು. ಮಗಳು ಫ್ಲೋರಳಿಗೆ ಕೆಮ್ಮು ವಾಸಿಯಾದರೆ ಆ ವಾರ ನನ್ನೊಳಗೆ ಹೆಚ್ಚಿಗೆ ಎರಡು ಹಿಡಿ ಬೀಳುತ್ತಿತ್ತು. ಗಂಡ ಆವಿಗೆಯ ಬೆಂಕಿಯಿಂದ ಸ್ವಲ್ಪದರಲ್ಲಿ ಪಾರಾಗಿ ಬಂದ ದಿನ ನಾಲ್ಕು. ಒಂದು ಹೊತ್ತೂ ತಪ್ಪಿಸಿಲ್ಲ ಎಂಬುದು ಅವಳ ಸಮಾಧಾನ, ತಪ್ಪಿದರೆ ಏನಾಗುವುದೋ ಎಂಬುದು ಅವಳ ಹೆದರಿಕೆ. ನಾನು ಮೊದಲು ಈ ಮನೆಗೆ ಬಂದದ್ದೇ ತುಂಬಿಕೊಂಡು ಎಂದು ಅವಳಿಗೆ ಹೇಳಬೇಕು ಅನಿಸುತ್ತಿತ್ತು. ಇಷ್ಟು ದೊಡ್ಡ ಬಾಯಿ ಇದ್ದು ಏನು ಪ್ರಯೋಜನ.

ಅವಳ ಹೆದರಿಕೆಗೆ ಒಂದು ಕಥೆಯೂ ಕಾರಣ. ಫ್ಲೋರ ಒಮ್ಮೆ ಬೆಲ್ಲದ ಚೂರನ್ನು ಹಾಸಿಗೆಯಡಿ ಅಡಗಿಸಿಟ್ಟಾಗ ಅದನ್ನು ಮಗಳಿಗೆ ಹೇಳಿದಳು. ಬಹಳ ಹಿಂದೆ ಒಬ್ಬ ಗಂಡ, ಒಬ್ಬಳು ಹೆಂಡತಿ ಹೊಲ ಮಾರಿ, ಬಂದದ್ದರಲ್ಲಿ ಒಂದು ಪಾಲು ಬಚ್ಚಿಟ್ಟು, ಎಲ್ಲವನ್ನೂ ದೇವರಿಗೆ ತಂದಿದ್ದೇವೆ ಎಂದು ಸಭೆಯ ಮುಂದೆ ಸುಳ್ಳು ಹೇಳಿದರಂತೆ. ಇಬ್ಬರೂ ನಿಂತಲ್ಲೇ ಬಿದ್ದು ಸತ್ತರಂತೆ. ಫ್ಲೋರ ಬೆಲ್ಲ ತಂದುಕೊಟ್ಟಳು. ಆ ಕಥೆಯನ್ನು ನಾನೂ ಮರೆಯಲಿಲ್ಲ.

ಹೀಗಿರುವಾಗ ಒಂದು ವರ್ಷ ಕಾರ್ಖಾನೆಯ ಚಿಮಿಣಿ ಬಿರುಕು ಬಿಟ್ಟಿತು. ಅದನ್ನು ಕೆಡವಿ ಕಟ್ಟುವವರೆಗೆ ಕೆಲಸ ನಿಂತಿತು. ಓಣಿಯ ಗಂಡಸರು ಬೇರೆ ಬೇರೆ ಊರುಗಳಿಗೆ ಕೂಲಿಗೆ ಹೋದರು. ಸಿಮಿಯೋನ ಬಂದರಿನ ಕಡೆಗೆ ಹೋದವನು, ಮೂಟೆ ಹೊರುವ ಕೆಲಸ ಸಿಕ್ಕಿದರೆ ಯಾರ ಕೈಯಲ್ಲಾದರೂ ಅಕ್ಕಿ ಕಳಿಸುತ್ತೇನೆ ಎಂದಿದ್ದ. ಅಕ್ಕಿ ಬರಲಿಲ್ಲ, ಸುದ್ದಿಯೂ ಬರಲಿಲ್ಲ. ಮನೆಯ ಅಕ್ಕಿ ಡಬ್ಬಿಯ ತಳ ಕಂಡಿತು. ಆಗಲೂ ಲೋವೀಸ ನನಗೆ ಮೊದಲ ಹಿಡಿ ಹಾಕಿ, ಉಳಿದದ್ದರಲ್ಲಿ ಮಗಳಿಗೆ ಗಂಜಿ ಬೇಯಿಸಿ, ತಾನು ತಿಳಿ ಕುಡಿಯುತ್ತಿದ್ದಳು.

ದೊರ್ಕಕ್ಕನಿಗೆ ಅಷ್ಟರಲ್ಲಿ ತಲೆ ನರೆತಿತ್ತು. ಅಡಿಗೆಯ ಹೊತ್ತಿಗೆ ಓಣಿಯಲ್ಲಿ ಒಂದು ಸುತ್ತು ನಡೆಯುವುದು ಅವಳ ರೂಢಿ. ಯಾರನ್ನೂ ಮಾತಾಡಿಸುತ್ತಿರಲಿಲ್ಲ, ಸುಮ್ಮನೆ ಮಾಡುಗಳನ್ನು ನೋಡುತ್ತ ಹೋಗುತ್ತಿದ್ದಳು. ಯಾವ ಮಾಡಿನ ಹಂಚಿನ ಸಂದಿಯಿಂದ ಹೊಗೆ ಏಳುತ್ತಿಲ್ಲ ಎಂದು ನೋಡುವುದಕ್ಕೆ. ನನಗೆ ಆಗ ಅದರ ಅರ್ಥ ಆಗಿರಲಿಲ್ಲ. ಲೋವೀಸಳಿಗೆ ಮಾತ್ರ ಅರ್ಥವಾಗಿತ್ತು. ಇನ್ನೊಮ್ಮೆ ಯಾರದೋ ಅನ್ನ ಉಂಡು ಕೈಮುಗಿದು ನಿಲ್ಲಲಾರೆ ಎಂದು ಅವಳು ಹಟ ಹಿಡಿದಿದ್ದಳು. ಹಾಗಾಗಿ ಬೇಯಿಸಲು ಏನೂ ಇಲ್ಲದ ದಿನವೂ ತೆಂಗಿನ ಒಣ ಮಡಲು ಹಾಕಿ ಒಲೆ ಹಚ್ಚಿ, ಬರೀ ನೀರು ಕುದಿಸಿದಳು. ಹೊಗೆ ನನ್ನ ದಾಯಾದಿಗಳ ಸಂದಿಯಿಂದ ಧಾರಾಳವಾಗಿ ಎದ್ದಿತು. ದೊರ್ಕಕ್ಕ ನೋಡಿ ಮುಂದೆ ಹೋದಳು.

ಆ ನೀರು ಕುದಿಯುತ್ತಿದ್ದಾಗ ಫ್ಲೋರ ಒಲೆಯ ಬಳಿ ಬಂದು ಕುಳಿತಳು. ಗಂಜಿ ಆಯಿತೇ ಎಂದು ಕೇಳಿದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಕೇಳಿದಳು. ಲೋವೀಸ ನನ್ನ ಕಡೆಗೆ ತಿರುಗಿದಳು. ಅವಳ ಮುಖ ನನ್ನ ಬಾಯಿಯ ಮೇಲೆ ಬಗ್ಗಿದ್ದು ನನಗೆ ಇಂದಿಗೂ ನೆನಪಿದೆ. ತೆಗೆದುಕೋ, ತೆಗೆದುಕೋ ಎಂದು ನನ್ನ ಮಣ್ಣೆಲ್ಲ ಹೇಳುತ್ತಿತ್ತು. ಅವಳು ಕಣ್ಣು ಮುಚ್ಚಿ ಕೈ ಹಾಕಿದಳು. ಕರ್ತನೇ, ಇದು ಸಾಲ, ನಾನು ತೀರಿಸುತ್ತೇನೆ ಎಂದು ಪಿಸುಗುಟ್ಟಿದ್ದು ನನಗೆ ಕೇಳಿತು. ಮಗು ಉಂಡಿತು. ಮರುದಿನವೂ ಉಂಡಿತು. ಶನಿವಾರ ಸಂಜೆಗೆ ನನ್ನ ತಳದಲ್ಲಿ ಎರಡು ಹಿಡಿ ಉಳಿದಿತ್ತು.

ಆಗ ಅವಳು ಮಾಡಿದ್ದನ್ನು ನೋಡಿ ನಾನು ಬೆಚ್ಚಿದೆ. ಉಳಿದ ಎರಡು ಹಿಡಿಯನ್ನು ಮೊರಕ್ಕೆ ಸುರಿದು, ಕೋಳಿಗೆಂದು ಇಟ್ಟಿದ್ದ ತೌಡನ್ನು ನನ್ನೊಳಗೆ ತುಂಬಿದಳು. ಅಂಗೈಯಿಂದ ಒತ್ತಿ ಮಟ್ಟ ಮಾಡಿದಳು. ಅದರ ಮೇಲೆ ಆ ಅಕ್ಕಿಯನ್ನು ತೆಳ್ಳಗೆ ಹರಡಿದಳು. ಮೇಲಿನಿಂದ ನೋಡಿದರೆ ಅಕ್ಕಿ ತುಂಬಿದ ಮಡಕೆಯೇ. ದೊರ್ಕಕ್ಕ ಎಂದಿನಂತೆ ಇಣುಕದೆ ಮಗುಚುತ್ತಾಳೆ, ಬುಟ್ಟಿಯ ರಾಶಿಯಲ್ಲಿ ಬೆರೆತು ಹೋಗುತ್ತದೆ ಎಂದು ಅವಳ ಎಣಿಕೆ ಇರಬೇಕು. ಕೋಣೆ ಮಬ್ಬು, ಕೆಲಸದ ಗಡಿಬಿಡಿ ಬೇರೆ. ಮಗು ಆ ಸಂಜೆ ಬಿಸಿನೀರಿಗೆ ಉಪ್ಪು ಹಾಕಿ ಕುಡಿದು ಮಲಗಿತು. ನನ್ನೊಳಗಿನ ಎರಡು ಹಿಡಿ ಅಕ್ಕಿ ಅದರ ಗಂಜಿಗೆ ಸಾಕಾಗುತ್ತಿತ್ತು. ನನಗೆ ಸಿಟ್ಟು ಬಂತು, ಮುಚ್ಚಿಡುವುದಿಲ್ಲ.

ಮರುದಿನ ಬೆಳೆಹಬ್ಬದ ಆದಿತ್ಯವಾರ. ಚರ್ಚಿನ ಕಟಕಟೆಗೆಲ್ಲ ಬಾಳೆಗೊನೆ, ಕಬ್ಬು, ಭತ್ತದ ತೆನೆ ಕಟ್ಟಿದ್ದರು. ಹೊಸದಾಗಿ ಬಂದ ಸಭಾಪಾಲಕರು ಉತ್ಸಾಹದ ಮನುಷ್ಯ. ಇವತ್ತು ಹಬ್ಬ, ಮಡಕೆಗಳನ್ನು ಮೂಲೆಯ ಕೋಣೆಯಲ್ಲಿ ಖಾಲಿ ಮಾಡುವುದು ಬೇಡ, ಬುಟ್ಟಿಯನ್ನು ಮುಂದೆ ತರಿಸೋಣ, ಒಬ್ಬೊಬ್ಬರೇ ಬಂದು ತಮ್ಮ ಕೈಯಿಂದಲೇ ಸುರಿಯಲಿ ಎಂದು ಪೀಠದಿಂದ ಹೇಳಿದರು. ಹೆಂಗಸರಿಗೆ ಖುಷಿಯಾಯಿತು. ಎಲ್ಲರೂ ಕೋಣೆಗೆ ಹೋಗಿ ತಮ್ಮ ತಮ್ಮ ಪಾತ್ರೆ ಎತ್ತಿಕೊಂಡು ಬಂದರು. ಲೋವೀಸ ನನ್ನನ್ನು ಎದೆಗೆ ಒತ್ತಿಕೊಂಡು ಸಾಲಿನಲ್ಲಿ ನಿಂತಳು.

ಸಾಲು ಮುಂದೆ ಸರಿಯಿತು. ಮೇಸ್ತ್ರಿಯ ಮನೆಯ ತಂಬಿಗೆ ಸರ್ರನೆ ಸುರಿಯಿತು. ನಮ್ಮ ಮುಂದಿನವಳ ಡಬ್ಬಿಯೂ ಸುರಿಯಿತು. ಲೋವೀಸ ಬುಟ್ಟಿಯ ಮುಂದೆ ಬಂದು ನಿಂತಳು. ಹಿಂದೆ ಬೆಂಚಿನಲ್ಲಿ ಫ್ಲೋರ ಹಸಿವಿನಿಂದ ಸೋತು ನಿದ್ದೆ ಹೋಗಿದ್ದಳು. ಎಲ್ಲರೂ ಹಾಡುತ್ತಿದ್ದರು. ಲೋವೀಸಳ ತುಟಿ ಅಲುಗುತ್ತಿರಲಿಲ್ಲ. ನಿಂತಲ್ಲೇ ಬಿದ್ದು ಸತ್ತ ಆ ಗಂಡಹೆಂಡಿರನ್ನು ಅವಳು ನೆನೆಸುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಇವಳು ಬಿದ್ದರೆ ನಾನೂ ಬೀಳುತ್ತೇನೆ, ನನ್ನ ಹೊಟ್ಟೆಯೊಳಗಿನದೆಲ್ಲ ಊರಿನ ಮುಂದೆ ಚೆಲ್ಲುತ್ತದೆ.

ಅವಳು ನನ್ನನ್ನು ಬಗ್ಗಿಸಿದಳು. ಮೇಲಿನ ಅಕ್ಕಿ ಜಾರಿ ಬುಟ್ಟಿಗೆ ಬಿತ್ತು. ಅದರ ಹಿಂದೆಯೇ ತೌಡಿನ ಧೂಳು ಸಣ್ಣಗೆ ಎದ್ದಿತು. ಅವಳ ಕೈ ಅಲ್ಲೇ ನಿಂತಿತು, ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ.

ಬುಟ್ಟಿಯ ಪಕ್ಕದಲ್ಲಿ ದೊರ್ಕಕ್ಕ ಮಣೆ ಹಾಕಿಕೊಂಡು ಕುಳಿತು ಅಕ್ಕಿಯನ್ನು ಸಮ ಮಾಡುತ್ತಿದ್ದಳು. ಅವಳು ತಲೆಯೆತ್ತಿದಳು. ಒಮ್ಮೆಲೇ ನನ್ನ ಬಾಯಿ ಕತ್ತಲಾಯಿತು, ಅವಳ ಅಂಗೈ ಅದನ್ನು ಮುಚ್ಚಿತ್ತು. ಇನ್ನೊಂದು ಕೈಯಿಂದ ನನ್ನನ್ನು ನೆಟ್ಟಗೆ ಮಾಡಿ, ಲೋವೀಸಳ ಕೈಯಿಂದ ಬಿಡಿಸಿಕೊಂಡಳು. “ಸಾಕು ಮಗಾ, ಬಂತು. ನೀನು ಹೋಗಿ ಕೂತುಕೋ” ಎಂದು ಮೆಲ್ಲಗೆ ಹೇಳಿ, ನನ್ನನ್ನು ತನ್ನ ಮಣೆಯ ಹಿಂದೆ ಸೆರಗಿನ ಮರೆಯಲ್ಲಿ ಇಟ್ಟುಕೊಂಡಳು. ಹಾಡು ನಿಲ್ಲಲಿಲ್ಲ. ಸಭಾಪಾಲಕರಿಗೂ ಏನೂ ಕಾಣಲಿಲ್ಲ. ಮುಂದಿನವಳು ಬಂದು ಸುರಿದಳು.

ಜೀವಮಾನದಲ್ಲಿ ಮೊದಲ ಸಲ ನಾನು ಆದಿತ್ಯವಾರ ಎಲ್ಲರ ಜೊತೆ ಮನೆಗೆ ಹೋಗಲಿಲ್ಲ. ಎಲ್ಲರೂ ಹೋದ ಮೇಲೆ ಬುಟ್ಟಿಯ ಜೊತೆ ನನ್ನನ್ನೂ ಆ ಕೋಣೆಗೆ ಒಯ್ದರು. ದೊರ್ಕಕ್ಕ ನನ್ನೊಳಗೆ ಬೆರಳಿಟ್ಟು, ತೌಡನ್ನು ಮುಟ್ಟಿ, ಪೆಟ್ಟಿಗೆಯ ಮೇಲೆ ಕುಳಿತಳು. ಅವಳಿಗೆ ಸಿಟ್ಟು ಬರುತ್ತದೆ ಎಂದುಕೊಂಡು ನಾನು ಕೆಳಗಿನಿಂದ ಅವಳ ಮುಖವನ್ನೇ ನೋಡಿದೆ. ಸಿಟ್ಟು ಇರಲಿಲ್ಲ. ಹೊಗೆ ಬರುತ್ತಿತ್ತಲ್ಲ, ದಿನಾ ಹೊಗೆ ಬರುತ್ತಿತ್ತಲ್ಲ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ ಕಣ್ಣು ಒರೆಸಿಕೊಂಡಳು.

ಅಷ್ಟರಲ್ಲಿ ಇನ್ನಿಬ್ಬರು ಹೆಂಗಸರು ಬಂದು ಬುಟ್ಟಿಯ ಅಕ್ಕಿಯನ್ನು ಬಟ್ಟೆಯ ಚೀಲಗಳಿಗೆ ತುಂಬಲು ಕುಳಿತರು. ಇದು ಕಣ್ಣು ಕಾಣದ ಚಂದಯ್ಯನಿಗೆ, ಇದು ಹೊಳೆಬದಿಯ ಬಾಣಂತಿಗೆ, ಇದು ಗಂಡ ಹಾಸಿಗೆ ಹಿಡಿದಿರುವ ಕತೀಜಾಬಿಗೆ ಎಂದು ಒಂದೊಂದಕ್ಕೂ ಹೆಸರು ಹೇಳುತ್ತ ಗಂಟು ಹಾಕಿದರು. ಸಭೆಯವರು, ಹೊರಗಿನವರು ಎಂಬ ಭೇದ ಆ ಹೆಸರುಗಳಲ್ಲಿ ಇರಲಿಲ್ಲ. ಆಗ ನನಗೆ ಎಲ್ಲ ಹೊಳೆಯಿತು. ಇದೇ ಮಬ್ಬು, ಇದೇ ಬುಟ್ಟಿ, ಬಾಯಿಗೆ ಕಟ್ಟಿದ ಬಟ್ಟೆ. ನನ್ನ ಮೊದಲ ದಿನ ನನ್ನೊಳಗೆ ತುಂಬಿದ ಅಕ್ಕಿ ಯಾರ ಯಾರದೋ ಮನೆಯ ಹಿಡಿ ಅಕ್ಕಿ. ಇಷ್ಟು ವರ್ಷ ನಾನು ಕೇಳಿದ ಪ್ರಶ್ನೆಯ ಉತ್ತರವನ್ನು ನಾನೇ ಹೊತ್ತುಕೊಂಡು ಎಲೀಸಮ್ಮನ ಮನೆಗೆ ಹೋಗಿದ್ದೆ. ಮಡಕೆಯ ಬುದ್ಧಿ ಎಂದರೆ ಇಷ್ಟೇ.

ಚೀಲಗಳು ಹೊರಡುವುದು ಸೋಮವಾರ. ದೊರ್ಕಕ್ಕ ಅಷ್ಟು ಕಾಯಲಿಲ್ಲ. ತೌಡನ್ನು ಒಂದು ಕಾಗದಕ್ಕೆ ಸುರಿದು ಪೊಟ್ಟಣ ಕಟ್ಟಿ, ನನ್ನನ್ನು ಒರೆಸಿ, ಕಂಠದವರೆಗೆ ಅಕ್ಕಿ ತುಂಬಿ, ಮತ್ತೆ ಸೊಂಟದ ಮೇಲೆ ಇಟ್ಟುಕೊಂಡು ಆ ಬಿಸಿಲಿನಲ್ಲೇ ಹೊರಟಳು.

ಲೋವೀಸ ಹೊಸ್ತಿಲಲ್ಲಿ ನಿಂತಿದ್ದಳು. ಸಭಾಪಾಲಕರೂ ಹಿರಿಯರೂ ಕೂಡಿ ಬರುತ್ತಾರೆ, ಸಭೆಯಿಂದ ಹೊರಗೆ ಹಾಕುತ್ತಾರೆ ಎಂದು ಅವಳು ಕಾದಿದ್ದಳು. ಬಂದದ್ದು ಒಬ್ಬ ಮುದುಕಿ, ಒಂದು ಮಡಕೆ. ದೊರ್ಕಕ್ಕ ಒಳಗೆ ಬಂದು ನನ್ನನ್ನು ನನ್ನ ಸಿಂಬೆಯ ಮೇಲೆ ಕೂರಿಸಿ, ಪೊಟ್ಟಣವನ್ನು ಕೋಳಿಗೂಡಿನ ಮೇಲಿಟ್ಟು, ಇದು ಕೋಳಿಗಳದ್ದು ಅಂದಳು. ಲೋವೀಸ ಅಳಲಿಲ್ಲ. ಗೋಡೆಗೆ ಒರಗಿ ನಿಂತು, ನಾನು ದೇವರ ಅಕ್ಕಿ ಕದ್ದೆ ಎಂದಳು.

“ನೀನು ಕದ್ದದ್ದಲ್ಲ” ಎಂದಳು ದೊರ್ಕಕ್ಕ. “ಆ ಅಕ್ಕಿ ನಿನ್ನಂಥವರಿಗೆ ಅಂತಲೇ ಇರುವುದು. ನಾನು ತಂದು ಕೊಡ್ಬೇಕಿತ್ತು, ತಡ ಮಾಡಿದೆ. ಹೊಗೆ ನೋಡಿ ಮೋಸ ಹೋದೆ. ಅದು ನನ್ನ ತಪ್ಪು.”

ದೊರ್ಕಕ್ಕನ ದನಿ ಸ್ವಲ್ಪ ಗಟ್ಟಿಯಾಯಿತು. “ನಿನ್ನ ತಪ್ಪು ಬೇರೆ ಉಂಟು. ಮಗುವಿನ ಗಂಜಿಗೆ ಆಗುವ ಅಕ್ಕಿಯನ್ನು ತೌಡಿನ ಮೇಲೆ ಹರಡಿದೆಯಲ್ಲ, ಅದು ಯಾರಿಗೆ ತೋರಿಸ್ಲಿಕ್ಕೆ? ದೇವರಿಗೆ ತಳ ಕಾಣುದಿಲ್ಲವಾ?”

ಆಗ ಲೋವೀಸಳಿಗೆ ಅಳು ಬಂತು. ಅತ್ತು ಮುಗಿದ ಮೇಲೆ ಅವಳು ಕೇಳಿದ ಮೊದಲ ಮಾತು ಕೇಳಿ ನನಗೆ ನಗು ಬಂತು. “ಇಷ್ಟು ಅಕ್ಕಿಯನ್ನು ನಾನು ಯಾವಾಗ ತೀರಿಸ್ಲಿ ಅಕ್ಕ?”

ದೊರ್ಕಕ್ಕನಿಗೂ ನಗು ಬಂತು. “ನಿನ್ನ ಅತ್ತೆ ಕೂಡ ಇಲ್ಲೇ ಕೂತು ಇದನ್ನೇ ಕೇಳಿದ್ದು. ಈ ಮಡಕೆ ಈ ಮನೆಗೆ ಹೇಗೆ ಬಂತು ಅಂತ ಅವಳು ನಿನಗೆ ಹೇಳ್ಲಿಲ್ಲವಾ?”

ಹೇಳಿರಲಿಲ್ಲ. ದೊರ್ಕಕ್ಕ ನೆಲದ ಮೇಲೆ ಕಾಲು ಚಾಚಿ ಕುಳಿತು ಎಲ್ಲ ಹೇಳಿದಳು. ಜ್ವರದಲ್ಲಿ ಗಂಡ ಹೋದದ್ದು, ಸಿಮಿಯೋನ ಸೆರಗಿನ ಹಿಂದೆ ನಿಂತದ್ದು, ವಾಲಿದ ಕುತ್ತಿಗೆಯ ಮಡಕೆ ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿದ್ದು. ನಾನು ಕೇಳುತ್ತ ಹೌದು ಹೌದು ಎನ್ನುತ್ತಿದ್ದೆ. ಲೋವೀಸ ನನ್ನನ್ನು ಹೊಸದಾಗಿ ನೋಡುವವಳಂತೆ ನೋಡಿದಳು. ಹಾಗಾದರೆ ಅತ್ತೆ ಜೀವಮಾನವೆಲ್ಲ ಆ ಋಣವನ್ನೇ ತೀರಿಸುತ್ತಿದ್ದರೇ ಎಂದು ಕೇಳಿದಳು.

“ಋಣ ಅಲ್ಲ ಮಾರಾಯ್ತಿ” ಎಂದಳು ದೊರ್ಕಕ್ಕ. “ಋಣ ಆದರೆ ತೀರಿದ ದಿನ ನಿಲ್ಲಿಸ್ತಿದ್ದಳು. ಅವಳಿಗೆ ಹೊಟ್ಟೆ ತುಂಬಿತು. ಹೊಟ್ಟೆ ತುಂಬಿದ ಮೇಲೆ ಕೈಗೆ ಸುಮ್ಮನೆ ಕೂರ್ಲಿಕ್ಕೆ ಆಗ್ಲಿಲ್ಲ. ಅಷ್ಟೇ ಇರುವುದು. ಈಗ ಎದ್ದು ಒಲೆ ಹಚ್ಚು, ಮಗು ಏಳ್ತದೆ.”

ಲೋವೀಸ ಒಲೆ ಹಚ್ಚಿದಳು. ಪಾತ್ರೆ ತೊಳೆದು ನನ್ನ ಬಳಿ ಬಂದು ಒಂದು ಹಿಡಿ ಅಕ್ಕಿ ತೆಗೆದಳು. ತೆಗೆದವಳೇ, ಇಷ್ಟು ವರ್ಷದ ರೂಢಿಯಂತೆ, ಆ ಮೊದಲ ಹಿಡಿಯನ್ನು ತಿರುಗಿ ನನ್ನೊಳಗೇ ಹಾಕಿದಳು. ಹಾಕಿದ ಮೇಲೆ ಗೊತ್ತಾಗಿ ಕೈ ಹಾಗೆಯೇ ನಿಂತಿತು. ನನ್ನಿಂದಲೇ ತೆಗೆದದ್ದು, ನನಗೇ ಹಾಕಿದ್ದು. ಇದರಲ್ಲಿ ಅವಳದ್ದು ಯಾವುದು, ದೇವರದ್ದು ಯಾವುದು? ಅವಳು ನನ್ನೊಳಗೆ ನೋಡಿದಳು, ನಾನೂ ನೋಡಿಕೊಂಡೆ. ಎರಡೂ ಒಂದೇ ಅಕ್ಕಿ. ಯಾವ ಕಾಳಿನ ಮೇಲೂ ಗುರುತು ಇರಲಿಲ್ಲ. ನಮ್ಮದಲ್ಲ ಎಂದು ಎಲೀಸಮ್ಮ ಹೇಳಿದ್ದು ಒಂದು ಹಿಡಿಯ ಮಾತಲ್ಲ, ಇಡೀ ಮಡಕೆಯ ಮಾತು, ಅನ್ನದ ಪಾತ್ರೆಯ ಮಾತು, ಬಹುಶಃ ಮಣ್ಣಿನ ಮಾತೂ ಕೂಡ ಎಂದು ನನಗೆ ಆಗ ಅನಿಸಿತು. ಲೋವೀಸ ನಕ್ಕಳು. ಆ ಮನೆಗೆ ಬಂದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಕೊಡವದೆ, ನೋಡದೆ, ಕೈತುಂಬ ಅಕ್ಕಿ ತೆಗೆದು ಪಾತ್ರೆಗೆ ಹಾಕಿದಳು. ನಾಲ್ಕು ಕಾಳು ನೆಲಕ್ಕೆ ಬಿದ್ದವು. ಒಂದು ಮುದಿ ಕೋಳಿ ಎಲ್ಲಿಂದಲೋ ಓಡಿ ಬಂತು.

ಸಿಮಿಯೋನ ಬಂದರಿನಲ್ಲಿ ಕಾಲು ಉಳುಕಿಸಿಕೊಂಡು ಮಲಗಿದ್ದವನು ತಡವಾಗಿ ಕುಂಟುತ್ತ ಬಂದ. ಚಿಮಿಣಿ ಎದ್ದಿತು, ಕೆಲಸ ಶುರುವಾಯಿತು. ಲೋವೀಸಳ ಹಿಡಿ ಆಮೇಲೆ ಒಂದೇ ಅಳತೆಯಲ್ಲಿ ಇರಲಿಲ್ಲ. ಒಂದು ದಿನ ದೊಡ್ಡದು, ಒಂದು ದಿನ ಸಣ್ಣದು, ಕೈಗೆ ಬಂದಷ್ಟು. ಮಗಳಿಗೆ ಕೆಮ್ಮು ವಾಸಿಯಾದರೂ ಅಷ್ಟೇ, ಆಗದಿದ್ದರೂ ಅಷ್ಟೇ. ಮರೆತ ದಿನವೂ ಉಂಟು, ಮರೆತದ್ದಕ್ಕೆ ಅವಳು ನಡುಗಲಿಲ್ಲ. ಒಟ್ಟಿನಲ್ಲಿ ನಾನು ಮೊದಲಿಗಿಂತ ಹೆಚ್ಚು ತುಂಬುತ್ತಿದ್ದೆ. ಇದು ಹೇಗೆ ಎಂದು ನಾನು ಬಹಳ ಯೋಚಿಸಿದ್ದೇನೆ. ಹೆದರಿಕೆಯಿಂದ ಕಟ್ಟಿದ ಮುಷ್ಟಿಯಲ್ಲಿ ಜಾಗ ಕಡಿಮೆ ಇರಬೇಕು.

ದೊರ್ಕಕ್ಕನಿಗೆ ನಡೆಯಲಾಗದೆ ಹೋದಾಗ ಓಣಿಯ ಸುತ್ತು ಲೋವೀಸಳ ಪಾಲಿಗೆ ಬಂತು. ಅವಳು ಹೊಗೆ ನೋಡಿ ಮುಂದೆ ಹೋಗುವವಳಲ್ಲ. ಬಾಗಿಲ ಬಳಿ ನಿಂತು ಮೂಗೆಳೆದು, ಹೊಗೆಯಲ್ಲಿ ಗಂಜಿಯ ವಾಸನೆ ಇದೆಯೇ ಎಂದು ನೋಡುತ್ತಿದ್ದಳು. ಬರೀ ಮಡಲಿನ ವಾಸನೆ ಬಂದ ಮನೆಗೆ ಆ ಸಂಜೆಯೇ ನಾನು ಅವಳ ಸೊಂಟದ ಮೇಲೆ ಹೋಗುತ್ತಿದ್ದೆ. ಆ ಮನೆಯವರು ಯಾವಾಗ ತೀರಿಸಲಿ ಎಂದು ಕೇಳುತ್ತಿದ್ದರು. ತಪ್ಪದೆ ಕೇಳುತ್ತಿದ್ದರು. ಅವಳು ನನ್ನನ್ನು ಒಮ್ಮೆ ನೋಡಿ ನಗುತ್ತಿದ್ದಳು.

ಈಗ ನನಗೂ ವಯಸ್ಸಾಗಿದೆ. ತಳದಲ್ಲಿ ಬಿರುಕು, ಕಂಠದಲ್ಲಿ ಒಂದು ತುಂಡು ಇಲ್ಲ. ಅಡಿಗೆಮನೆಯಲ್ಲಿ ಫ್ಲೋರಳ ಸ್ಟೀಲ್ ಡಬ್ಬಿ ಹಿಡಿ ಅಕ್ಕಿಗೆ ಕೂತಿದೆ, ಹೊಳೆಯುತ್ತದೆ, ಒಳ್ಳೆಯದೇ. ಓಣಿಯಲ್ಲಿ ಎಲ್ಲರಿಗೂ ಗ್ಯಾಸ್ ಒಲೆ, ಯಾವ ಮಾಡಿನಿಂದಲೂ ಹೊಗೆ ಬರುವುದಿಲ್ಲ. ಹಾಗಾದರೆ ಇನ್ನು ಗೊತ್ತಾಗುವುದು ಹೇಗೆ ಎಂದು ಫ್ಲೋರ ಕೇಳಿದಾಗ, ಹಾಸಿಗೆ ಹಿಡಿದಿದ್ದ ಲೋವೀಸ ಹೇಳಿದ ಮಾತು ನನಗೆ ಹಿತ್ತಲಿನವರೆಗೆ ಕೇಳಿತು. “ಒಳಗೆ ಹೋಗಿ ಕೂತುಕೋ ಮಗಾ. ಒಂದು ಗಳಿಗೆ ಕೂತರೆ ಗೊತ್ತಾಗ್ತದೆ.” ಅದಾಗಿ ಕೆಲವು ದಿನಕ್ಕೆ ಅವಳು ಹೋದಳು. ಈಗ ಅಡಿಗೆಯ ಹೊತ್ತಿಗೆ ಫ್ಲೋರ ಯಾರದಾದರೂ ಮನೆಯಲ್ಲಿ ಕೂತಿರುತ್ತಾಳೆ. ಊರಿನವರು ಇವಳಿಗೆ ಮಾತಿನ ಚಟ ಎನ್ನುತ್ತಾರೆ.

ನಾನು ಕೋಳಿಗೂಡಿನ ಪಕ್ಕದಲ್ಲಿದ್ದೇನೆ. ಕುತ್ತಿಗೆ ಇನ್ನೂ ವಾಲಿಯೇ ಇದೆ, ಇಲ್ಲಿಂದ ಬಾವಿಕಟ್ಟೆ ಕಾಣುತ್ತದೆ, ಮಾಡಿನ ಮೇಲೆ ಹಾವಸೆ ಹಿಡಿದ ದಾಯಾದಿಗಳೂ ಕಾಣುತ್ತಾರೆ. ಬೆಳಿಗ್ಗೆ ಫ್ಲೋರ ಬಂದು ನನ್ನೊಳಗಿನಿಂದ ಬೊಗಸೆ ತುಂಬ ತೆಗೆದು ಕೋಳಿಗಳಿಗೆ ಎರಚುತ್ತಾಳೆ. ನನ್ನ ಹೊಟ್ಟೆಯಲ್ಲಿ ಈಗ ತಳದಿಂದ ಬಾಯಿಯವರೆಗೆ ತೌಡೇ. ಅದರ ಮೇಲೆ ಅಕ್ಕಿ ಹರಡಬೇಕೆಂದು ಈ ಮನೆಯಲ್ಲಿ ಯಾರಿಗೂ ಅನಿಸುವುದಿಲ್ಲ.